ಹಳದಿ ಬೀಳದೆ ಉಳಿದ ಪದ

ಕಾರವಾರದಲ್ಲಿ ಕಾಲೇಜು ಮಕ್ಕಳ ಜೊತೆ ಆಪ್ತಸಲಹೆಗೆ ಕೂರುತ್ತೇನೆ. ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಇದೇ ದೂರು: "ಎಷ್ಟು ಓದಿದ್ರೂ ತಲೇಲಿ ನಿಲ್ಲಲ್ಲ ಮೇಡಂ." ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಎಂ.ಎ.ಗೆ ಸೇರಿದವರಿಂದ ಜಾಸ್ತಿ. ಈ ಹುಡುಗಿಯೂ ಹಾಗೇ. ಊರು ಶಿರಸಿ ಕಡೆ, ಮನೆಯಲ್ಲಿ ಅಡಿಕೆ ತೋಟ. ಗುರುತು ಸಿಗುವ ಉಳಿದ ವಿವರ ಬಿಟ್ಟಿದ್ದೇನೆ. ನಿದ್ದೆ ಕೆಟ್ಟಿತ್ತು, ಓದು ಬಿಡುವ ಯೋಚನೆಯಲ್ಲಿದ್ದಳು.

ಎರಡನೇ ಸಲ ಪುಸ್ತಕ ತರಲು ಹೇಳಿದೆ. ಒಂದು ವಿಮರ್ಶಾ ಲೇಖನ ತೆಗೆದಳು. ಪುಟದ ತುಂಬ ಹೈಲೈಟರ್‌ನ ಹಳದಿ. ಪದಗಳ ತಲೆ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡ ಅರ್ಥ. ಪುಸ್ತಕ ಮುಚ್ಚಿಸಿ, "ಲೇಖಕರು ಏನು ಹೇಳ್ತಾರೆ? ಕನ್ನಡದಲ್ಲೇ ಹೇಳು" ಅಂದೆ. ತಡವರಿಸದೆ ಹೇಳಿದಳು. ಆದರೆ ಅದು ಲೇಖಕರ ಮಾತಲ್ಲ, ಅವರು ಒಪ್ಪದವರ ವಾದ! ಮೂರು ಪ್ಯಾರಾ ಆ ವಾದ ವಿವರಿಸಿ, ನಾಲ್ಕನೆಯದನ್ನು ಅವರು 'ಹೌವೆವರ್', ಅಂದರೆ 'ಆದರೆ', ಎಂದು ಶುರು ಮಾಡಿದ್ದರು. ಆ ಸಾಲಿನಲ್ಲಿ ಹಳದಿ ಬೀಳದೆ ಉಳಿದದ್ದು ಅದೊಂದೇ ಪದ.

"ಅದರ ಅರ್ಥ ಗೊತ್ತಿತ್ತಲ್ಲ ಮೇಡಂ, ಅದಕ್ಕೇ ಬಿಟ್ಟೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ತಾನೇ ಹೇಳಿದಳು: "ವ್ಯಾಪಾರಿ ಮನೆಗೆ ಬಂದ್ರೆ 'ಚಾಲಿ ಅಡಿಕೆ ಚೆನ್ನಾಗಿದೆ, ಆದ್ರೆ' ಅಂತಾರೆ. ಅಪ್ಪ ಕಿವಿ ಕೊಡೋದೇ ಆ 'ಆದ್ರೆ' ಆದ್ಮೇಲೆ."

ಅವಳಿಗೆ ಓದಲು ಬರುತ್ತದೆ ಎಂದು ನನಗೆ ಖಾತ್ರಿಯಾದದ್ದು ಆಗ.

ಹೇಳಿಕೊಟ್ಟದ್ದು ಇಷ್ಟು. ಒಂದು ಪ್ಯಾರಾ ಓದು, ಪುಸ್ತಕ ಮುಚ್ಚು, ಕನ್ನಡದಲ್ಲಿ ಬಾಯಿಬಿಟ್ಟು ಹೇಳು. ಅಂಚಿನಲ್ಲಿ 'ಇದು ಯಾರ ಮಾತು?' ಎಂದು ಬರೆ. ಡಿಕ್ಷನರಿ ಆಮೇಲೆ. ಹೈಲೈಟರ್ ಸದ್ಯ ಬೇಡ. ಇದು ನನ್ನ ಕಂಡುಹಿಡಿಕೆ ಅಲ್ಲ. ಮೊದಲು ಪ್ರಶ್ನೆ, ಆಮೇಲೆ ಓದು, ಓದಿದ್ದನ್ನು ನೋಡದೆ ಹೇಳು ಎನ್ನುವ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ಫ್ರಾನ್ಸಿಸ್ ರಾಬಿನ್ಸನ್ 1946ರಲ್ಲೇ ಬರೆದಿದ್ದರು. 2013ರಲ್ಲಿ ಮನೋವಿಜ್ಞಾನಿ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು ಕಲಿಕೆಯ 10 ವಿಧಾನಗಳನ್ನು ತೂಗಿ ನೋಡಿದಾಗ, ಹೈಲೈಟ್ ಮಾಡುವುದು, ಗೆರೆ ಎಳೆಯುವುದು ಕಡಿಮೆ ಉಪಯೋಗದ ಸಾಲಿಗೆ ಬಿತ್ತು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು ಹೆಚ್ಚು ಉಪಯೋಗದ ಸಾಲಿಗೆ.

"ಇಂಗ್ಲಿಷ್ ಎಂ.ಎ. ಹುಡುಗಿಗೆ ಕನ್ನಡದಲ್ಲಿ ಹೇಳಿಸ್ತೀರಾ?" ಎಂದು ಪಾಠ ಮಾಡುವವರೊಬ್ಬರು ಬೇಸರಪಟ್ಟರು. ಹೌದು, ಹೇಳಿಸುತ್ತೇನೆ. ಇಂಗ್ಲಿಷಿನಲ್ಲಾದರೆ ಪುಸ್ತಕದ ವಾಕ್ಯಗಳನ್ನೇ ಉರುಹೊಡೆದು ಒಪ್ಪಿಸಬಹುದು, ಒಂದಿಷ್ಟೂ ಅರ್ಥವಾಗಬೇಕಿಲ್ಲ. ಕನ್ನಡಕ್ಕೆ ತರುವಾಗ ಆ ದಾರಿ ಮುಚ್ಚುತ್ತದೆ. ಉತ್ತರ ಹೇಗೂ ಇಂಗ್ಲಿಷಿನಲ್ಲೇ ಬರೆಯುತ್ತಾಳೆ ಅಲ್ವಾ?

ಈಗ ರಾತ್ರಿ ನಿದ್ದೆ ಬರುತ್ತಿದೆಯಂತೆ. ಆದರೆ ಗಂಟೆಗೆ ನಾಲ್ಕೇ ಪುಟ, ಸಿಲಬಸ್ ಮುಗಿಯದ ಹೆದರಿಕೆ ಹಾಗೇ ಇದೆ. ಮುಂದಿನ ವಾರ ಸಿಲಬಸ್ ಹಿಡಿದು ಬರಲು ಹೇಳಿದ್ದೇನೆ. ಯಾವುದನ್ನು ಹೀಗೆ ನಿಧಾನ ಓದಬೇಕು, ಯಾವುದರ ಮೇಲೆ ಕಣ್ಣಾಡಿಸಿದರೆ ಸಾಕು, ಜೊತೆಗೆ ಕೂತು ಗುರುತು ಹಾಕುತ್ತೇವೆ.