ಪದವಿ ಮುಗಿಸಿದವಳಿಗೆ ಹಂಪಿ ತೋರಿಸಲು

ಪ್ರಶ್ನೆ: ಅಕ್ಕನ ಮಗಳು ಇತಿಹಾಸದಲ್ಲಿ ಬಿ.ಎ. ಮುಗಿಸಿದ್ದಾಳೆ. ಆ ಖುಷಿಗೆ ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಹಂಪಿಗೆ ಕರೆದೊಯ್ಯುವ ಆಸೆ. ಎರಡು ದಿನ ಸಾಕೇ?

ಉತ್ತರ: ಸಾಕು, ಆದರೆ ಎಲ್ಲವನ್ನೂ ನೋಡಿಬಿಡುವ ಹಟ ಬೇಡ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿ ಸುಮಾರು 13 ಕಿ.ಮೀ. ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ವರ್ಷದ ಕೊನೆಯ ವಾರವಾದರೆ ಅಂದೇ ಮಾಡಿಸಿ.

ಮೊದಲ ದಿನ ವಿಜಯವಿಠ್ಠಲ ದೇವಾಲಯಕ್ಕೆ ಬೆಳಿಗ್ಗೆಯೇ ಹೋಗಿ. ಟಿಕೆಟ್ ಜೋಪಾನ: ಅದೇ ದಿನ ಕಮಲ ಮಹಲಿನ ಆವರಣಕ್ಕೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಅದೇ ನಡೆಯುತ್ತದೆ. ವಿಠ್ಠಲದಲ್ಲಿ ಸಂಜೆ ಟಿಕೆಟ್ ಕೊಂಡವರು ಉಳಿದೆರಡಕ್ಕೆ ಮರುದಿನ ಮತ್ತೆ ದುಡ್ಡು ತೆರಬೇಕಾಗುತ್ತದೆ. ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅಲ್ಲಿರುವ ಹಂಪಿಯ ದೊಡ್ಡ ಮಾದರಿಯನ್ನು ಇತಿಹಾಸ ಓದಿದ ಹುಡುಗಿ ತಪ್ಪಿಸಿಕೊಳ್ಳಬಾರದು.

ಮಹಾನವಮಿ ದಿಬ್ಬಕ್ಕೆ ಬಿಡುವಾಗಿ ಹೋಗಿ. ಜನ ಸೀದಾ ಮೇಲೆ ಹತ್ತಿಬಿಡುತ್ತಾರೆ. ನೋಡಬೇಕಾದ್ದು ಬದಿಯ ಕಲ್ಲಿನ ಕೆತ್ತನೆಯ ಸಾಲುಗಳು. ಬೇಟೆ, ಕುಣಿತ, ಕುದುರೆ ಹಿಡಿದು ನಿಂತ ವ್ಯಾಪಾರಿಗಳು, ಎಲ್ಲವೂ ಅಲ್ಲಿವೆ. ವಿರೂಪಾಕ್ಷದಲ್ಲಿ ಸಣ್ಣ ಕಿಂಡಿಯಿಂದ ಗೋಡೆಗೆ ಬೀಳುವ ಗೋಪುರದ ತಲೆಕೆಳಗಾದ ಬಿಂಬವನ್ನೂ ತೋರಿಸಿ.

ಎರಡನೆಯ ಬೆಳಿಗ್ಗೆ ಮಾತಂಗ ಬೆಟ್ಟದ ಸೂರ್ಯೋದಯ. ಕತ್ತಲಲ್ಲಿ ಇಬ್ಬರೇ ಹತ್ತಬೇಡಿ. ದಾರಿ ಬಲ್ಲವರು, ಟಾರ್ಚ್, ಜಾರದ ಶೂ ಜೊತೆಗಿರಲಿ.