ನಿಮ್ಮ ಹೀರೋ ಮೇಲೆ ಒಂದು ಎಫ್‌ಐಆರ್ ಆಗಲಿ

ಆತ್ಮೀಯರೆ,

ನಮಸ್ಕಾರ. ನಿಮ್ಮ ಲೈನ್‌ಮನ್ ಕತೆಯನ್ನು ಕೊನೆಯವರೆಗೂ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ನಿಮಗೆ ಬರೆಯುವ ಕೈ ಇದೆ. ಹಾಗಾಗಿ ಎರಡು ಸಾಲಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ಬೇರೆ ಹೊಸ ಬರಹಗಾರರಿಗೂ ಉಪಯೋಗವಾಗಲಿ ಎಂದು ನಿಮ್ಮ ಒಪ್ಪಿಗೆ ಪಡೆದು, ನಿಮ್ಮ ಹೆಸರು ಬಿಟ್ಟು, ಈ ಉತ್ತರವನ್ನು ಇಲ್ಲಿ ಹಾಕುತ್ತಿದ್ದೇನೆ.

ಕತೆ ಓದದವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ದಾವಣಗೆರೆ ಕಡೆಯ ಲೈನ್‌ಮನ್ ಬಸವರಾಜನಿಗೆ 11 ಕೆವಿ ಲೈನಿನಲ್ಲಿ ಶಾಕ್ ಹೊಡೆಯುತ್ತದೆ. ಸಾಯುವುದಿಲ್ಲ, ಕರೆಂಟು ಅವನ ಕೈಯಲ್ಲೇ ಉಳಿದುಬಿಡುತ್ತದೆ. ರಾತ್ರಿಯಾದರೆ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹೊರಡುತ್ತಾನೆ. ಮೊದಲು ಸಾಯುವವನು ಗಿರಿಜಮ್ಮನ ಮನೆಗೆ ಮೀಟರ್ ಬಡ್ಡಿ ವಸೂಲಿಗೆ ಬರುವ ಹುಡುಗ. ಆಮೇಲೆ ತಾಲ್ಲೂಕು ಕಚೇರಿಯ ಬ್ರೋಕರ್. ಮೂರನೆಯವನು ಮಗು ಕದ್ದವನು ಎಂದು ಊರೆಲ್ಲ ಹೇಳುವ ಒಬ್ಬ ಹೊರಗಿನವನು. ಇನ್‌ಸ್ಪೆಕ್ಟರ್ ಎಫ್‌ಐಆರ್ ಹರಿದು ಹಾಕಿ ಬಸವರಾಜನಿಗೆ ಸೆಲ್ಯೂಟ್ ಹೊಡೆಯುತ್ತಾನೆ. ಊರವರು ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕುತ್ತಾರೆ. ಅಲ್ಲಿಗೆ ಕತೆ ಮುಗಿಯುತ್ತದೆ.

ಜೊತೆಗಿದ್ದ ಪತ್ರದಲ್ಲಿ ನೀವು ಒಂದು ಪ್ರಶ್ನೆ ಕೇಳಿದ್ದೀರಿ: 'ಇಷ್ಟು ಶಕ್ತಿ ಇರುವವನಿಗೆ ಕಾನೂನು ಯಾಕೆ ಬೇಕು ಸಾರ್? ಕೋರ್ಟಿನಲ್ಲಿ ನ್ಯಾಯ ಸಿಗೋ ಹೊತ್ತಿಗೆ ಕೇಳಿದವನೇ ಇರಲ್ಲ.' ನಿಮ್ಮ ಸಿಟ್ಟು ಸುಳ್ಳಲ್ಲ. ವರ್ಷಗಟ್ಟಲೆ ಕೋರ್ಟಿಗೆ ಅಲೆದವರನ್ನು ನೋಡಿದ ಯಾರಿಗೂ ಆ ಸಿಟ್ಟು ಬರುತ್ತದೆ, ಅದನ್ನು ಬಿಡಿ ಎಂದು ಹೇಳಲಾರೆ. ಆದರೆ ಆ ಸಿಟ್ಟಿನಲ್ಲಿ ನೀವು ಕತೆಗೆ ಏನು ಮಾಡಿಬಿಟ್ಟಿದ್ದೀರಿ ಎನ್ನುವುದನ್ನು ಹೇಳಬೇಕು.

ನಿಮ್ಮ ಕತೆಯಲ್ಲಿ ಅತ್ಯಂತ ಚೆನ್ನಾಗಿರುವುದು ಎರಡನೇ ಪುಟ. ಬಸವರಾಜ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಕರೆಂಟು ತೆಗೆಸಿ ಕೆಲಸ ಮಾಡಲು ಅನುಮತಿ, ಕೇಳುತ್ತಾನೆ. ಆಪರೇಟರ್ ಆ ಲೈನಿಗೆ ಕರೆಂಟು ಹೋಗುವ ಫೀಡರ್ ಆಫ್ ಮಾಡುತ್ತಾನೆ, ಪುಸ್ತಕದಲ್ಲಿ ಹೊತ್ತು ಬರೆಯುತ್ತಾನೆ, ಎಲ್‌ಸಿ ನಂಬರ್ ಹೇಳುತ್ತಾನೆ. ಅಷ್ಟಾದರೂ ಬಸವರಾಜ ಟೆಸ್ಟರ್ ಹಿಡಿದು ನೋಡಿಕೊಂಡು, ಅರ್ಥಿಂಗ್ ರಾಡ್ ಹಾಕಿ, ಆಮೇಲೇ ತಂತಿ ಮುಟ್ಟುತ್ತಾನೆ. ಕೆಲಸ ಮುಗಿದ ಮೇಲೆ ಎಲ್‌ಸಿ ತೆಗೆದುಕೊಂಡವನೇ ಅದನ್ನು ವಾಪಸ್ ಕೊಡಬೇಕು, ಬೇರೆಯವರು ಕೊಟ್ಟರೆ ಆಪರೇಟರ್ ಲೈನಿಗೆ ಮತ್ತೆ ಕರೆಂಟು ಬಿಡುವುದಿಲ್ಲ. ಈ ಪುಟವನ್ನು ಹೊರಗಿನವರು ಬರೆಯಲಾರರು. ನೀವು ಆ ಕೆಲಸವನ್ನು ಹತ್ತಿರದಿಂದ ಬಲ್ಲಿರಿ.

ಈಗ ಆರನೇ ಪುಟಕ್ಕೆ ಬನ್ನಿ. ಒಂದು ತಂತಿ ಮುಟ್ಟಲು ಇಷ್ಟೆಲ್ಲ ಮಾಡುವ ಮನುಷ್ಯ, ಒಬ್ಬನ ಜೀವ ತೆಗೆಯುವ ಮೊದಲು ಯಾರನ್ನೂ ಏನೂ ಕೇಳುವುದಿಲ್ಲ. ಇನ್ನೊಬ್ಬರು ಆಫ್ ಮಾಡಿದ್ದಾರೆ ಎಂದು ಗೊತ್ತಿದ್ದರೂ ಟೆಸ್ಟರ್ ಹಿಡಿದು ನೋಡುವವನು ಅವನು. ಊರವರು ಹೇಳಿದ್ದನ್ನು ಹಾಗೇ ನಂಬಿ ಕೊಲ್ಲುತ್ತಾನೆ ಅಂದರೆ ಅವನು ನಿಮ್ಮ ಬಸವರಾಜ ಅಲ್ಲವೇ ಅಲ್ಲ. ಶಾಕ್ ಹೊಡೆದದ್ದು ಕೈಗೆ ತಾನೇ? ಅವನ ಹದಿನೈದು ವರ್ಷದ ಅಭ್ಯಾಸ ಎಲ್ಲಿ ಹೋಯಿತು?

ಇಲ್ಲಿ ಇನ್ನೊಂದು ಆಗಿದೆ, ಅದು ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಆ ಮೂವರೂ ತಪ್ಪು ಮಾಡಿದ್ದಾರೆ ಎಂದು ನಿಮಗೆ ಗೊತ್ತು, ಯಾಕೆಂದರೆ ಅವರನ್ನು ಹುಟ್ಟಿಸಿದವರು ನೀವು. ಬಸವರಾಜನಿಗೆ ಹೇಗೆ ಗೊತ್ತಾಯಿತು? ನೀವು ಸುಮ್ನೆ ಅವನ ಕಿವಿಯಲ್ಲಿ ಹೇಳಿಬಿಟ್ಟಿದ್ದೀರಿ. ಸೂಪರ್‌ಹೀರೋ ಕಾನೂನಿಗಿಂತ ಮೇಲೆ ಇರಬಹುದು ಎಂಬ ಮಾತು ಓದುವಾಗ ಸರಿ ಅನಿಸುವುದು ಇದರಿಂದಲೇ. ಹೊರಗೆ, ಬದುಕಿನಲ್ಲಿ, ಹಾಗೆ ಹೇಳಿಕೊಡುವ ಲೇಖಕ ಯಾರೂ ಇಲ್ಲ.

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆದದ್ದು ನಿಮಗೆ ನೆನಪಿರಬಹುದು. ಹೈದರಾಬಾದಿನಿಂದ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ವಾಟ್ಸಾಪಿನಲ್ಲಿ ಸುದ್ದಿ ಓಡಿತು. ಮುರ್ಕಿಯಲ್ಲಿ ಜನ ಅವರ ಕಾರನ್ನು ತಡೆದು ಹೊಡೆದರು. ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಮಗು ಕದ್ದವರು ಯಾರೂ ಅಲ್ಲಿರಲಿಲ್ಲ. ಆವತ್ತು ಕಲ್ಲು ಎತ್ತಿಕೊಂಡವರಲ್ಲಿ ಎಷ್ಟೋ ಮಂದಿಗೆ ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆ ಅನಿಸಿರಬೇಕು. ನಿಮ್ಮ ಮೂರನೇ ಕೊಲೆಯೂ ಇದೇ ಅಲ್ವಾ? ಹೊರಗಿನವನು, ಮಗು, ಊರೆಲ್ಲ ಹೇಳುವ ಮಾತು. ಅಲ್ಲಿ ನೂರಾರು ಕೈ ಇದ್ದ ಕಡೆ ಇಲ್ಲಿ ಒಂದೇ ಕೈ ಇದೆ, ಅದರಲ್ಲಿ ಕರೆಂಟಿದೆ.

ಪೊಲೀಸರು ಮಾಡಿದರೆ ಸರಿಯೇ ಎಂದು ಕೇಳಬಹುದು. ನಿಮ್ಮ ಇನ್‌ಸ್ಪೆಕ್ಟರಿನ ಸೆಲ್ಯೂಟ್ ಆ ಕಡೆಗೇ ಹೋಗುತ್ತದೆ. 2019ರ ನವೆಂಬರಿನಲ್ಲಿ ಹೈದರಾಬಾದಿನ ಹೊರವಲಯದಲ್ಲಿ ಪಶುವೈದ್ಯೆಯೊಬ್ಬರ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. ದೇಶವೇ ಕುದಿಯಿತು, ಕುದಿಯಲೇಬೇಕಿತ್ತು. ಡಿಸೆಂಬರ್ 6ರ ಬೆಳಗಿನ ಜಾವ ನಾಲ್ವರು ಆರೋಪಿಗಳನ್ನು, ಆಕೆಯ ಹೆಣ ಸಿಕ್ಕಿದ್ದ ಚಟಾನ್‌ಪಲ್ಲಿಗೆ ಕರೆದೊಯ್ದಾಗ ಪೊಲೀಸರ ಗುಂಡಿಗೆ ನಾಲ್ವರೂ ಸತ್ತರು. ಆಯುಧ ಕಸಿದುಕೊಂಡು ನಮ್ಮ ಮೇಲೆ ದಾಳಿ ಮಾಡಿದರು ಎಂದು ಪೊಲೀಸರು ಹೇಳಿದರು. ಜನ ಪೊಲೀಸರ ಮೇಲೆ ಹೂವು ಸುರಿದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಸಾಯಲಿ ಎಂದೇ ಗುಂಡು ಹಾರಿಸಲಾಗಿದೆ, ಹತ್ತು ಮಂದಿ ಪೊಲೀಸರ ಮೇಲೆ ಕೊಲೆ ಆರೋಪದಲ್ಲಿ ವಿಚಾರಣೆ ನಡೆಯಬೇಕು ಎಂದು ಆಯೋಗ ಅಭಿಪ್ರಾಯಪಟ್ಟಿತು. ಸತ್ತವರಲ್ಲಿ ಮೂವರು ಆಗ ಅಪ್ರಾಪ್ತರು ಎಂದೂ ಹೇಳಿತು. ಆ ನಾಲ್ವರೇ ಆ ಕೆಲಸ ಮಾಡಿದರೇ, ಯಾರು ಎಷ್ಟು ಮಾಡಿದರು ಎಂದು ಯಾವ ನ್ಯಾಯಾಲಯವೂ ಸಾಕ್ಷಿ ಕೇಳಿ ತೀರ್ಮಾನಿಸಲಿಲ್ಲ. ಇನ್ನು ತೀರ್ಮಾನಿಸಲು ಆಗುವುದೂ ಇಲ್ಲ. ಆ ಹೆಣ್ಣುಮಗಳಿಗೆ ಸಲ್ಲಬೇಕಾಗಿದ್ದ ತೀರ್ಪು ಅದು, ಅವಳಿಗೆ ಸಿಗದೇ ಹೋಯಿತು. ನಿಮ್ಮ ಕೊನೆಯ ಫ್ಲೆಕ್ಸ್ ಓದಿದಾಗ ನನಗೆ ಆ ಹೂವು ನೆನಪಾಯಿತು, ಮನಸ್ಸಿಗೆ ತುಂಬಾ ಕಷ್ಟವಾಯಿತು.

ಗಿರಿಜಮ್ಮನ ವಿಷಯಕ್ಕೆ ಬರುತ್ತೇನೆ. ಇಡೀ ಕತೆಯಲ್ಲಿ ಆಕೆಗೆ ಇರುವುದು ಎರಡೇ ಮಾತು, ಎರಡೂ ಅಳು. ವಸೂಲಿ ಹುಡುಗ ಸತ್ತ ಮೇಲೆ ಆಕೆಯ ಸಾಲ ಏನಾಯಿತು? ಮೀಟರ್ ಬಡ್ಡಿಗೆ ಕೊಡುವವರು ಸುಮ್ನೆ ದುಡ್ಡು ಕೊಡುವುದಿಲ್ಲ, ಸಹಿ ಹಾಕಿದ ಖಾಲಿ ಚೆಕ್ಕು, ಬಾಂಡ್ ಪೇಪರ್ ಬರೆಸಿಕೊಂಡಿರುತ್ತಾರೆ. ಅವೆಲ್ಲ ಈಗಲೂ ಸಾಹುಕಾರನ ಬೀರುವಿನಲ್ಲೇ ಇವೆ. ಹುಡುಗ ಸತ್ತ ಮರುದಿನ ಆತ ಆ ಚೆಕ್ಕಿನಲ್ಲಿ ಮೊತ್ತ ತುಂಬಿ ಬ್ಯಾಂಕಿಗೆ ಹಾಕಿದರೆ, ಚೆಕ್ ಬೌನ್ಸ್ ಕೇಸಿನಲ್ಲಿ ಕೋರ್ಟಿಗೆ ಅಲೆಯುವವರು ಗಿರಿಜಮ್ಮನೇ. ಸತ್ತವನು ಸಂಬಳಕ್ಕೆ ಇದ್ದ ಹುಡುಗ. ಬಸವರಾಜನ ಕರೆಂಟು ಬೀರುವಿನವರೆಗೆ ಹೋಗಲೇ ಇಲ್ಲ.

ಆ ಬೀರುವಿನವರೆಗೆ ಹೋಗುವುದು ಕಾನೂನು, ಅದೂ ನಿಧಾನವಾಗಿ. ಹೋಗಲೇಬೇಕೆಂದಿಲ್ಲ, ಎಷ್ಟೋ ಸಲ ಹೋಗುವುದೂ ಇಲ್ಲ. ಆ ಕಷ್ಟವನ್ನು ಬರೆಯಿರಿ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ನಮ್ಮ ರಾಜ್ಯ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಹತ್ತು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ರಾಜ್ಯಪಾಲರು ಮೊದಲು ಅದನ್ನು ವಾಪಸ್ ಕಳಿಸಿದರು, ಶಿಕ್ಷೆ ಜಾಸ್ತಿಯಾಯಿತು ಎನ್ನುವುದು ಅವರ ಆಕ್ಷೇಪಗಳಲ್ಲಿ ಒಂದು. ವಿವರಣೆ ಹೋದ ಮೇಲೆ ಸಹಿ ಹಾಕಿದರು. ಹತ್ತು ವರ್ಷ ಜೈಲು ಎಂದು ಕಾಗದದಲ್ಲಿ ಬರೆಯುವುದಕ್ಕೇ 'ಇಷ್ಟು ಯಾಕೆ' ಎಂದು ಒಬ್ಬರು ಕೇಳಿದರು, ಇನ್ನೊಬ್ಬರು ಉತ್ತರ ಕೊಡಬೇಕಾಯಿತು. ಬಸವರಾಜನನ್ನು ಕೇಳುವವರು ಯಾರು? ನಿಮ್ಮ ಕತೆಯಲ್ಲಿ ಹಾಗೆ ಕೇಳುವ ಪಾತ್ರ ಒಂದೂ ಇಲ್ಲ. ಅದಕ್ಕೇ ಅದು ಅರ್ಧದಿಂದ ಮುಂದೆ ಒಂದೇ ಸಮ ಓಡುತ್ತದೆ, ಓದುಗನಿಗೆ ಭಯವೂ ಇಲ್ಲ, ಕಾತರವೂ ಇಲ್ಲ.

ಎಫ್‌ಐಆರ್ ಹರಿಯುವ ದೃಶ್ಯ ತೆಗೆಯಲೇಬೇಕು. ಅದು ಹರಿದರೆ ಹೋಗುವ ಕಾಗದ ಅಲ್ಲ. ಒಂದು ಪ್ರತಿ ಮ್ಯಾಜಿಸ್ಟ್ರೇಟ್ ಬಳಿ ಹೋಗಿರುತ್ತದೆ, ಕಂಪ್ಯೂಟರಿನಲ್ಲೂ ಇರುತ್ತದೆ. ಅದಕ್ಕಿಂತ ನೀವು ಬಿಟ್ಟುಬಿಟ್ಟದ್ದು ದೊಡ್ಡದು. ಸುಟ್ಟ ಹೆಣ ಸಿಕ್ಕಿತು ಅಂದರೆ ಪಂಚನಾಮೆ ಆಗುತ್ತದೆ, ಮರಣೋತ್ತರ ಪರೀಕ್ಷೆ ಆಗುತ್ತದೆ. ಕರೆಂಟಿನಿಂದ ಸತ್ತದ್ದು ಎಂದು ಬಂದ ಕೂಡಲೇ ವಿದ್ಯುತ್ ಪರಿವೀಕ್ಷಣಾಲಯದವರು ವಿಚಾರಣೆಗೆ ಬರುತ್ತಾರೆ. ಯಾವ ಲೈನ್, ಆ ರಾತ್ರಿ ಡ್ಯೂಟಿಯಲ್ಲಿ ಯಾರಿದ್ದರು, ಪುಸ್ತಕ ತನ್ನಿ ಎನ್ನುತ್ತಾರೆ. ನಿಮ್ಮ ಎರಡನೇ ಪುಟದ ಆ ಒಳ್ಳೆಯ ಆಪರೇಟರ್ ಇದ್ದಾನಲ್ಲ, ಅವನ ಕುತ್ತಿಗೆಗೆ ಬರುತ್ತದೆ. ಅವನು ಸಸ್ಪೆಂಡ್ ಆಗಿ ಮನೆಯಲ್ಲಿ ಕೂತಿದ್ದಾನೆ, ಮಗಳ ಫೀಸು ಕಟ್ಟಿಲ್ಲ ಎಂದುಕೊಳ್ಳಿ. ಬಸವರಾಜನಿಗೆ ಎಲ್ಲ ಗೊತ್ತು. ಅವನೊಬ್ಬನೇ ಬಾಯಿ ಬಿಟ್ಟರೆ ಸಾಕು. ಬಿಡುತ್ತಾನಾ? ಇಲ್ಲಿದೆ ನಿಮ್ಮ ಕತೆ. ಬೇರೆಲ್ಲೂ ಹುಡುಕಬೇಡಿ.

ಕಾನೂನು ಅಂದರೆ ಹೀರೋನ ಕೈ ಕಟ್ಟಿ ಕೂರಿಸುವುದು ಎಂದು ನೀವು ಅಂದುಕೊಂಡಂತಿದೆ. ಹಾಗಿಲ್ಲ. ಗಿರಿಜಮ್ಮನ ಮೇಲೆ ಆ ಹುಡುಗ ಮಚ್ಚು ಎತ್ತಿದ್ದರೆ, ಬಸವರಾಜ ತಡೆಯಬಹುದು. ಆಕೆಯ ಜೀವಕ್ಕೇ ಅಪಾಯ ಇದ್ದರೆ, ಬೇರೆ ದಾರಿಯೇ ಇಲ್ಲದಿದ್ದರೆ, ತಡೆಯುವಾಗ ಅವನು ಸತ್ತರೂ ಕಾನೂನು ಅದನ್ನು ಕೊಲೆ ಎನ್ನುವುದಿಲ್ಲ. ಆದರೆ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ಟು ಕೊಡುವಂತಿಲ್ಲ. ಪೊಲೀಸರನ್ನು ಕರೆಯಲು ಸಮಯವಿದ್ದರೆ ಈ ಹಕ್ಕೂ ಇಲ್ಲ. ನಿಮ್ಮ ಹುಡುಗ ಮನೆಗೆ ಹೋಗಿ ಮಲಗಿದ್ದಾಗ ಬಸವರಾಜ ಹೋಗಿ ಸುಟ್ಟಿದ್ದಾನೆ. ವ್ಯತ್ಯಾಸ ಅಷ್ಟೇ, ಆದರೆ ಎಲ್ಲವೂ ಅಲ್ಲೇ ಇದೆ.

ಇನ್ನೊಂದು ಅವಕಾಶವೂ ಉಂಟು. ಕಣ್ಣೆದುರಿಗೆ ಗಂಭೀರ ಅಪರಾಧ ಮಾಡಿದವನನ್ನು ಯಾವ ಸಾಮಾನ್ಯ ಮನುಷ್ಯನೂ ಹಿಡಿಯಬಹುದು. ಹಳೆಯ ಸಿಆರ್‌ಪಿಸಿ ಜಾಗಕ್ಕೆ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನಲ್ಲಿ ಇದಕ್ಕೆ ಹೊತ್ತು ಕೂಡ ಹಾಕಿದ್ದಾರೆ: ಹಿಡಿದ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಸ್ವಲ್ಪ ಯೋಚಿಸಿ ನೋಡಿ. ರಾತ್ರಿ ಒಂದು ಗಂಟೆ. ಬಸವರಾಜನ ಕೈಯಲ್ಲಿ ಮಗು ಕದ್ದವನು ಸಿಕ್ಕಿದ್ದಾನೆ, ಮಗುವೂ ಸಿಕ್ಕಿದೆ. ಊರವರು ದೊಣ್ಣೆ ಹಿಡಿದು ಹುಡುಕುತ್ತಿದ್ದಾರೆ. ಬೆಳಿಗ್ಗೆ ಏಳರೊಳಗೆ ಅವನನ್ನು ಜೀವಂತವಾಗಿ ಸ್ಟೇಷನ್ ಮುಟ್ಟಿಸಬೇಕು. ತನ್ನ ಜನರಿಂದಲೇ ಅವನನ್ನು ಕಾಪಾಡಬೇಕು, ತನ್ನ ಕೈಯಿಂದಲೂ ಕಾಪಾಡಬೇಕು. ಈ ಆರು ಗಂಟೆ ಬರೆಯಲು ನಿಮ್ಮಂಥವರೇ ಬೇಕು.

ಸ್ಟೇಷನ್ನಿಗೆ ಹೋದ ಮೇಲೆ ಮುಖದ ಬಟ್ಟೆಯ ಪ್ರಶ್ನೆ ಬರುತ್ತದೆ. ಬಂಧಿಸಲು ಬರುವ ಪೊಲೀಸರು ಎಲ್ಲರಿಗೂ ಕಾಣುವ ಹಾಗೆ ಹೆಸರಿನ ಪಟ್ಟಿ ಹಾಕಿಕೊಂಡಿರಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿತು, ಆಮೇಲೆ ಅದು ಕಾನೂನಿನಲ್ಲೇ ಸೇರಿತು. ನನ್ನನ್ನು ಹಿಡಿದವರು ಯಾರು, ಹೊಡೆದವರು ಯಾರು ಎಂದು ನಾಳೆ ಕೇಳಲು ಒಂದು ಹೆಸರು ಬೇಕಲ್ಲ, ಅದಕ್ಕೆ. ಬಸವರಾಜ ಕೂಡ ಹೆಸರು ಹೇಳಿ ಹೇಳಿಕೆ ಕೊಡಬೇಕು. ಮುಂದೆ ಕೋರ್ಟಿನಲ್ಲಿ ಬಟ್ಟೆ ತೆಗೆದು ಸಾಕ್ಷಿಕಟ್ಟೆ ಹತ್ತಬೇಕು. ಆರೋಪಿಯ ಪರ ವಕೀಲರು ಕೇಳುತ್ತಾರೆ: ಕತ್ತಲಲ್ಲಿ ನಿಮಗೆ ಹೇಗೆ ಕಂಡಿತು? ಎಷ್ಟು ದೂರ ಇತ್ತು? ಅಲ್ಲಿ ಬೀದಿದೀಪ ಇತ್ತಾ? ಅದು ಉರಿಯುತ್ತಿತ್ತಾ? ಲೈನ್‌ಮನ್ನಿಗೆ ಕೇಳಬೇಕಾದ ಪ್ರಶ್ನೆಯೇ ಅದು.

ಸೂಪರ್‌ಹೀರೋ ಅಂದಮೇಲೆ ಇದೆಲ್ಲ ಎಲ್ಲಿರುತ್ತದೆ ಎನ್ನಬೇಡಿ. 1938ರಲ್ಲಿ ಅಮೆರಿಕದಲ್ಲಿ ಬಂದ ಸೂಪರ್‌ಮ್ಯಾನ್‌ನ ಮೊಟ್ಟಮೊದಲ ಕತೆಯಲ್ಲೇ ಇದೆ. ತಪ್ಪು ಮಾಡದ ಹೆಂಗಸೊಬ್ಬಳಿಗೆ ಮರಣದಂಡನೆ ಆಗುವುದರಲ್ಲಿದೆ. ಅವನು ರಾತ್ರಿ ರಾಜ್ಯಪಾಲರ ಮನೆಗೆ ನುಗ್ಗುತ್ತಾನೆ, ಉಕ್ಕಿನ ಬಾಗಿಲು ಕಿತ್ತು ಹಾಕುತ್ತಾನೆ. ನೇರ ಜೈಲಿಗೇ ಹೋಗಿ ಗೋಡೆ ಒಡೆದು ಅವಳನ್ನು ಎತ್ತಿಕೊಂಡು ಬರಬಹುದಿತ್ತು. ಹಾಗೆ ಮಾಡುವುದಿಲ್ಲ. ನಿಜವಾದ ಕೊಲೆಗಾರ್ತಿಯ ತಪ್ಪೊಪ್ಪಿಗೆಯ ಕಾಗದ ಕೊಡುತ್ತಾನೆ, ರಾಜ್ಯಪಾಲರು ಜೈಲಿಗೆ ಫೋನ್ ಮಾಡಿ ಶಿಕ್ಷೆ ನಿಲ್ಲಿಸುತ್ತಾರೆ. ಅಷ್ಟು ಬಲವಿದ್ದವನು ಒಂದು ಫೋನ್ ಕರೆಗಾಗಿ ನಿಂತು ಕಾಯುತ್ತಾನೆ. ಬಾಗಿಲು ಕಿತ್ತದ್ದೂ ಅಪರಾಧವೇ, ಅದನ್ನು ನಾನು ಮರೆತಿಲ್ಲ. ಆದರೆ ಅವಳನ್ನು ಬಿಡುಗಡೆ ಮಾಡುವ ಅಧಿಕಾರ ತನ್ನದಲ್ಲ ಎನ್ನುವುದು ಅವನಿಗೆ ಗೊತ್ತಿತ್ತು.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಸವರಾಜ ಕೊಲ್ಲುವ ಮೊದಲು ಹೊಡೆಯುವ ಡೈಲಾಗುಗಳನ್ನೆಲ್ಲ ತೆಗೆಯಿರಿ, ಅವು ಸಿನಿಮಾದಿಂದ ಬಂದವು. ಸಬ್‌ಸ್ಟೇಷನ್ನಿನಲ್ಲಿ ಅವನು ಆಡುವ ದಾವಣಗೆರೆ ಮಾತೇ ಕೊನೆಯವರೆಗೂ ಇರಲಿ. 'ರೌದ್ರಾವತಾರ' ನಾಲ್ಕು ಸಲ ಬಂದಿದೆ, ನಾಲ್ಕೂ ಬೇಡ. ಬ್ರೋಕರ್ ಭಾಗವನ್ನೂ ಪೂರ್ತಿ ಬಿಡಬಹುದು.

ಇಡೀ ಕತೆಯನ್ನು ಒಮ್ಮೆಲೇ ತಿದ್ದಲು ಹೋಗಬೇಡಿ. ಗಿರಿಜಮ್ಮ ಸ್ಟೇಷನ್ನಿಗೆ ಬಂದು ತಾನೇ ಬಾಯಿಬಿಟ್ಟು ದೂರು ಕೊಡುವ ದೃಶ್ಯ, ಕೋರ್ಟಿನಲ್ಲಿ ವಕೀಲರು ಬಸವರಾಜನಿಗೆ ಹಾಕುವ ಪಾಟೀಸವಾಲು, ಇವೆರಡನ್ನು ಮೊದಲು ಬರೆದು ಕಳಿಸಿ. ಬರೆಯುವ ಮುಂಚೆ ಒಂದು ದಿನ ರಜೆ ಹಾಕಿ ದಾವಣಗೆರೆ ಕೋರ್ಟಿಗೆ ಹೋಗಿ. ಕ್ರಿಮಿನಲ್ ವಿಚಾರಣೆ ಸಾಮಾನ್ಯವಾಗಿ ಎಲ್ಲರಿಗೂ ತೆರೆದೇ ಇರುತ್ತದೆ, ಹಿಂದಿನ ಬೆಂಚಿನಲ್ಲಿ ಕೂತು ಕೇಳಬಹುದು. ಫೋನ್ ಆಫ್ ಮಾಡಿಕೊಳ್ಳಿ. ಸಾಕ್ಷಿ ಹೇಳುವವರು ಯಾವ ಪ್ರಶ್ನೆಗೆ ತಡವರಿಸುತ್ತಾರೆ, ಆಗ ಯಾರ ಮುಖ ನೋಡುತ್ತಾರೆ ಎನ್ನುವುದನ್ನು ಗಮನಿಸಿ ಬರೆದುಕೊಂಡು ಬನ್ನಿ.

ವಿಶ್ವಾಸದಿಂದ,
ಸಂಪಾದಕ