“ನನಗೆ ಏನೂ ಬರಲ್ಲ ಅನ್ನಿಸ್ತಿದೆ ಮೇಡಂ”

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ನಾನು ಆಪ್ತಸಮಾಲೋಚಕಿ. ಈ ಮಹಿಳೆ 2023ರ ಆಗಸ್ಟ್‌ನಲ್ಲಿ ನನ್ನ ಬಳಿ ಬಂದಿದ್ದರು. ವಯಸ್ಸು 41. ಆನ್‌ಲೈನ್‌ನಲ್ಲಿ ಸೀರೆ ಮಾರುವ ಸಣ್ಣ ಕಂಪನಿಯಲ್ಲಿ, ವೆಬ್‌ಸೈಟಿಗೆ ಎಷ್ಟು ಜನ ಬಂದರು, ಎಲ್ಲಿಂದ ಬಂದರು, ಕೊಂಡರಾ ಇಲ್ಲವಾ ಎಂದು ಲೆಕ್ಕ ನೋಡುವ ಕೆಲಸ. ಒಂಬತ್ತು ವರ್ಷದಿಂದ ಅದೇ. ನಿದ್ದೆ ಬರ್ತಿಲ್ಲ, ಸೋಮವಾರ ಬೆಳಿಗ್ಗೆ ಹೊಟ್ಟೆ ತೊಳಸುತ್ತೆ, ಸುಮ್ನೆ ಮಗನ ಮೇಲೆ ರೇಗ್ತೀನಿ ಎಂದರು. ನಾನು ಮನೆಯ ಜಗಳ ಇರಬೇಕು ಎಂದುಕೊಂಡೆ. ಅರ್ಧ ಗಂಟೆ ಕಳೆದ ಮೇಲೆ ಗೊತ್ತಾಯಿತು, ಈ ಲೆಕ್ಕಕ್ಕೆ ಅವರು ಬಳಸುತ್ತಿದ್ದ ಗೂಗಲ್‌ನ ಸಾಧನ ಯೂನಿವರ್ಸಲ್ ಅನಲಿಟಿಕ್ಸ್ ಆ ಜುಲೈ 1ಕ್ಕೆ ಲೆಕ್ಕ ನಿಲ್ಲಿಸಿತ್ತು, ಈಗ ಎಲ್ಲರೂ ಅದರ ಜಾಗಕ್ಕೆ ಬಂದ ಗೂಗಲ್ ಅನಲಿಟಿಕ್ಸ್ 4ರಲ್ಲೇ ಕೆಲಸ ಮಾಡಬೇಕು.

“ಮೊದಲು ಕಣ್ಣು ಮುಚ್ಚಿ ರಿಪೋರ್ಟ್ ತೆಗೀತಿದ್ದೆ ಮೇಡಂ. ಈಗ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಹುಡುಕ್ತಾ ನಿಲ್ತೀನಿ. ನಿನ್ನೆ ಮೊನ್ನೆ ಸೇರಿದ ಹುಡುಗ ಎರಡು ನಿಮಿಷದಲ್ಲಿ ತೋರಿಸ್ತಾನೆ.” ಅದಕ್ಕಿಂತ ಜಾಸ್ತಿ ನೋವಾದದ್ದು ಬಾಸ್ ಮಾತು: ಏನ್ರೀ, ಕಳೆದ ವರ್ಷಕ್ಕಿಂತ ಸೆಷನ್ ಇಷ್ಟು ಇಳಿದಿದೆ?

ಸೆಷನ್ ಅಂದರೆ ವೆಬ್‌ಸೈಟಿಗೆ ಒಬ್ಬರು ಕೊಟ್ಟ ಒಂದು ಭೇಟಿಯ ಲೆಕ್ಕ. ಯಾಕೆ ಇಳಿಯಿತು ಎಂದು ಕೇಳಿದೆ. ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವರೇ ವಿವರಿಸಿದರು. ಹಳೆಯದರಲ್ಲಿ ರಾತ್ರಿ 12 ದಾಟಿದರೆ ಅದೇ ಗ್ರಾಹಕನ ಭೇಟಿ ಎರಡು ಸೆಷನ್ ಆಗುತ್ತಿತ್ತು, ನಡುವೆ ಬೇರೆ ಜಾಹೀರಾತು ಒತ್ತಿ ಬಂದರೂ ಹೊಸ ಸೆಷನ್. ಹೊಸದರಲ್ಲಿ ಹಾಗೆ ಎಣಿಸುವುದಿಲ್ಲ. ಬೌನ್ಸ್ ರೇಟ್, ಅಂದರೆ ಬಂದು ಹಾಗೇ ಹೊರಟುಹೋದವರ ಪ್ರಮಾಣ, ಅದರ ಅರ್ಥವೂ ಬೇರೆ, 10 ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತವರು ಈಗ ಅದರೊಳಗೆ ಬರುವುದಿಲ್ಲ. ಹೇಳುತ್ತಾ ಹೇಳುತ್ತಾ ಅವರ ದನಿ ಗಟ್ಟಿಯಾಯಿತು. ಅವರ ಅಪ್ಪನದು ಕಿರಾಣಿ ಅಂಗಡಿಯಂತೆ. “ಸೇರಲ್ಲಿ ಅಳೆದ ಅಕ್ಕೀನ ಕೆಜೀಲಿ ತೂಗಿದ ಹಾಗಾಯ್ತು, ಅಲ್ವಾ” ಎಂದು ತಾವೇ ಹೇಳಿದರು. ಇದನ್ನು ಬಾಸ್‌ಗೆ ಹೇಳಿದ್ದೀರಾ ಎಂದೆ. ಇಲ್ಲ. ನೆಪ ಹೇಳ್ತಾಳೆ ಅಂದ್ಕೊಂಡಾರು ಎಂಬ ಭಯ.

ನನ್ನ ಮೊದಲ ಸಲಹೆ ಅಲ್ಲಿಂದಲೇ. ನನಗೆ ಹೇಳಿದ್ದನ್ನೇ ಒಂದು ಪುಟದಲ್ಲಿ ಬರೆದು ಮುಂದಿನ ಮೀಟಿಂಗ್‌ಗೆ ಮುಂಚೆ ಕಳಿಸಿ, ಹಳೆಯ ಅಂಕಿ ಹೊಸ ಅಂಕಿ ಪಕ್ಕಪಕ್ಕ ಇಡಬೇಡಿ. ಮೀಟಿಂಗ್‌ನಲ್ಲಿ ಸಿಗದಿದ್ದರೆ “ಸಂಜೆಯೊಳಗೆ ಕೊಡ್ತೀನಿ” ಎನ್ನಿ, ಅಲ್ಲೇ ಹುಡುಕುತ್ತಾ ನಿಲ್ಲಬೇಡಿ. ಕಲಿಕೆಗೆ ಕಚೇರಿ ಸಮಯದಲ್ಲೇ ದಿನಕ್ಕೆ ಅರ್ಧ ಗಂಟೆ ಕೇಳಿ ಪಡೆಯಿರಿ, ರಾತ್ರಿ ಹಾಸಿಗೆಯಲ್ಲಿ ಫೋನ್ ಹಿಡಿದು ಬೇಡ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ನೋಡೋಣ ಎಂದೂ ಹೇಳಿದೆ. ನಡುರಾತ್ರಿ ತಡೆಯಲಾಗದಿದ್ದರೆ ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಟ್ಟೆ.

ಹೊಸದನ್ನು ಬೈದುಕೊಳ್ಳಬೇಡಿ ಎಂದು ಮಾತ್ರ ಹೇಳಲಿಲ್ಲ. ಒಂಬತ್ತು ವರ್ಷದ ಕೈಚಳಕ ಒಂದು ದಿನಾಂಕಕ್ಕೆ ಕೆಲಸಕ್ಕೆ ಬಾರದೆ ಹೋದರೆ ಅದು ನಷ್ಟವೇ. ಅಪ್‌ಡೇಟ್ ತಾನೇ, ಒಗ್ಗಿಕೊಳ್ಳಿ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಳೆಯ ರಿಪೋರ್ಟ್‌ಗಳು ಆಗಿನ್ನೂ ತೆರೆಯುತ್ತಿದ್ದವು. ತಿಂಗಳು ತಿಂಗಳಿನ ಲೆಕ್ಕವನ್ನು ಶೀಟ್‌ಗೆ ಇಳಿಸಿಕೊಳ್ಳಿ ಎಂದೆ, ಕಚೇರಿಗೂ ಬೇಕು, ನಿಮಗೂ ಬೇಕು.

ಮೂರನೇ ಭೇಟಿಗೆ ಬಂದಾಗ ಮುಖ ಬೇರೆಯೇ ಇತ್ತು. ಹೊಸದರಲ್ಲಿ ಆಳವಾಗಿ ಹುಡುಕಲು ಬೇಕಾದ ಡೇಟಾ ಸುಮ್ನೆ ಬಿಟ್ಟರೆ 2 ತಿಂಗಳಷ್ಟೇ ಉಳಿಯುತ್ತದೆ, ಸೆಟ್ಟಿಂಗ್‌ನಲ್ಲಿ 14 ತಿಂಗಳಿಗೆ ಬದಲಿಸಬೇಕು. ಅದನ್ನು ಗಮನಿಸಿದ್ದು ಇವರು, ಆ ಹುಡುಗ ಅಲ್ಲ. “ವರ್ಷದ ಹಿಂದಿನ ದೀಪಾವಳಿ ಸೇಲ್ ನೋಡ್ಬೇಕು ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು ಮೇಡಂ, ಅವನು ಇನ್ನೂ ಒಂದು ದೀಪಾವಳಿ ನೋಡಿಲ್ಲ ಇಲ್ಲಿ.” ಈಗ ಇಬ್ಬರೂ ಒಟ್ಟಿಗೆ ಕೂತು ಕಲಿಯುತ್ತಾರಂತೆ.

2024ರ ಜುಲೈನಲ್ಲಿ ಒಂದು ಫೋನ್ ಬಂತು. ಹಳೆಯದು ಪೂರ್ತಿ ಮುಚ್ಚಿತ್ತು. “ಶೀಟ್‌ಗಳೆಲ್ಲ ನನ್ನ ಹತ್ರ ಇವೆ. ಆದ್ರೂ ಇವತ್ತು ಸ್ವಲ್ಪ ಹೊತ್ತು ಏನೂ ಮಾಡದೆ ಕೂತಿದ್ದೆ ಮೇಡಂ” ಎಂದರು. ಇನ್ನೂ ಸ್ವಲ್ಪ ಹೊತ್ತು ಕೂತಿರಿ ಎಂದೆ.